ಪ್ರೈಮ್‌ಡೋಪ್ ವೇರಿಯನ್ಸ್ ಕ್ಯಾಲ್ಕುಲೇಟರ್: ಲೆಕ್ಕ ಸರಿಯಿದೆ, ಖಾನೆ ಒಂದು ಕಮ್ಮಿಯಿದೆ

ದೊಡ್ಡ ಮೊತ್ತದ ಪೋಕರ್ ಆಡುವವರು ಎರಡು ಬಗೆಯ ಸಾಫ್ಟ್‌ವೇರ್ ಬಳಸುತ್ತಾರೆ. ಯಾವ ಎಲೆ ಬಂದರೆ ಹೇಗೆ ಆಡಬೇಕು ಎಂದು ಹೇಳುವುದು ಸಾಲ್ವರ್. ಅದಕ್ಕೆ ದುಡ್ಡು ಸುರಿಯುತ್ತಾರೆ, ರಾತ್ರಿಯೆಲ್ಲ ಕೂತು ಕಲಿಯುತ್ತಾರೆ. ಆ ಟೇಬಲ್ಲಿನಲ್ಲಿ ಕೂರುವಷ್ಟು ಗಂಟು (ಆಟಕ್ಕೆಂದೇ ಇಟ್ಟ ಹಣ, ಬ್ಯಾಂಕ್‌ರೋಲ್) ಕೈಯಲ್ಲಿದೆಯೇ ಎಂದು ಹೇಳುವುದು ವೇರಿಯನ್ಸ್ (ಅದೃಷ್ಟದ ಏರಿಳಿತ) ಕ್ಯಾಲ್ಕುಲೇಟರ್. ಪ್ರೈಮ್‌ಡೋಪ್ ಜಾಲತಾಣದಲ್ಲಿರುವ ಈ ಎರಡನೆಯ ಸಲಕರಣೆ ಪುಕ್ಕಟೆ, ಬ್ರೌಸರಿನಲ್ಲೇ ತೆರೆದುಕೊಳ್ಳುತ್ತದೆ. ಆದರೂ ಹೆಚ್ಚಿನವರು ಒಮ್ಮೆ ತೆರೆದು, ತಮಗೆ ಬೇಕಾದ ಉತ್ತರ ಬರುವವರೆಗೆ ಅಂಕಿ ತಿದ್ದಿ, ಮುಚ್ಚಿಬಿಡುತ್ತಾರೆ. ಈ ಸಲಕರಣೆಯ ಗುಣವೂ ದೋಷವೂ ಆ ತಿದ್ದುಪಡಿಯಲ್ಲೇ ಇವೆ.

ಕ್ಯಾಶ್ ಗೇಮ್ (ಟೂರ್ನಿಯಲ್ಲದ, ನೇರ ಹಣದ ಆಟ) ಕ್ಯಾಲ್ಕುಲೇಟರಿನಲ್ಲಿ ತುಂಬಬೇಕಾದ ಖಾನೆ ನಾಲ್ಕು: ನಿಜವಾದ ವಿನ್‌ರೇಟ್ (100 ಹ್ಯಾಂಡಿಗೆ, ಅಂದರೆ ನೂರು ಸಲ ಎಲೆ ಹಂಚಿ ಆಡಿದರೆ, ಎಷ್ಟು ಬಿಗ್ ಬ್ಲೈಂಡ್ ಲಾಭ; ಎಲೆ ನೋಡುವ ಮೊದಲೇ ಇಡಬೇಕಾದ ಎರಡು ಕಡ್ಡಾಯ ಪಣಗಳಲ್ಲಿ ದೊಡ್ಡದು ಬಿಗ್ ಬ್ಲೈಂಡ್, ಚುಟುಕಾಗಿ ಬಿಬಿ), ಈವರೆಗೆ ಕಂಡ ವಿನ್‌ರೇಟ್, ಮಾನಕ ವಿಚಲನೆ ಅರ್ಥಾತ್ ಎಸ್‌ಡಿ (ಫಲಿತಾಂಶ ಸರಾಸರಿಯಿಂದ ಎಷ್ಟು ಏರಿಳಿಯುತ್ತದೆ ಎಂಬ ಅಳತೆ), ಮತ್ತು ಎಷ್ಟು ಹ್ಯಾಂಡ್. ಎಸ್‌ಡಿ ಗೊತ್ತಿಲ್ಲದವರು ಆಟದ ಬಗೆ ನೋಡಿ ಹಾಕಬಹುದು: ಒಂಬತ್ತು ಜನರ ನೋ-ಲಿಮಿಟ್ ಹೋಲ್ಡೆಮ್‌ಗೆ 60ರಿಂದ 80, ಆರು ಜನರ ಟೇಬಲ್ಲಿಗೆ 75ರಿಂದ 120, ಆರು ಜನರ ಪಾಟ್-ಲಿಮಿಟ್ ಒಮಾಹಾಕ್ಕೆ 120ರಿಂದ 160. ಆನ್‌ಲೈನ್ ಆಡುವವರ ಹ್ಯಾಂಡುಗಳನ್ನು ದಾಖಲಿಸುವ ಟ್ರ್ಯಾಕರ್ ಸಾಫ್ಟ್‌ವೇರೇ ಈ ಅಂಕಿ ಕೊಡುತ್ತದೆ.

ಮೊದಲ ಎಡವಟ್ಟು ಇಲ್ಲೇ. ಹಳೆಯ ಲಿಮಿಟ್ ಆಟದ (ಪಣದ ಮೊತ್ತ ನಿಗದಿಯಾಗಿರುವ ಆಟ) ಕಾಲದಲ್ಲಿ ಬಿಬಿ ಎಂದರೆ ಬಿಗ್ ಬೆಟ್. ಅದು ಎರಡು ಬಿಗ್ ಬ್ಲೈಂಡಿಗೆ ಸಮ. ಟ್ರ್ಯಾಕರ್ ಯಾವ ಬಿಬಿ ತೋರಿಸುತ್ತಿದೆ ಎಂದು ನೋಡದೆ ನಕಲು ಮಾಡಿದರೆ ಎಸ್‌ಡಿ ಅರ್ಧಕ್ಕಿಳಿಯುತ್ತದೆ. ಬೇಕಾದ ಗಂಟು ಎಸ್‌ಡಿಯ ವರ್ಗದ ಮೇಲೆ ನಿಂತಿರುವುದರಿಂದ ಆ ಒಂದು ಖಾನೆಯ ತಪ್ಪಿಗೆ ಉತ್ತರ ನಾಲ್ಕು ಪಟ್ಟು ಕಮ್ಮಿ ಬರುತ್ತದೆ. ಇನ್ನು ಕೆಲವರು ಒಂದೇ ಹ್ಯಾಂಡಿನ ಎಸ್‌ಡಿಯನ್ನು (ಸುಮಾರು 10) ನೂರು ಹ್ಯಾಂಡಿನ ಖಾನೆಗೆ ಹಾಕುತ್ತಾರೆ. ಆಗ ಗ್ರಾಫು ಗೀಟು ಎಳೆದಂತೆ ನೆಟ್ಟಗೆ ಏರುತ್ತದೆ. ಅಂಥ ಗ್ರಾಫು ಕಂಡರೆ ಖುಷಿಪಡುವ ಬದಲು ಖಾನೆ ನೋಡಬೇಕು. ಮೂರನೆಯದು ಸ್ಟ್ರ್ಯಾಡಲ್, ಅಂದರೆ ಎಲೆ ನೋಡುವ ಮೊದಲೇ ಬಿಗ್ ಬ್ಲೈಂಡಿನ ಎರಡು ಪಟ್ಟು ಇಡುವುದು. 200/400 ಡಾಲರ್ ಬ್ಲೈಂಡಿನ ಟೇಬಲ್ಲಿನಲ್ಲಿ ಪ್ರತಿ ಹ್ಯಾಂಡಿಗೂ ಯಾರಾದರೂ 800 ಇಡುತ್ತಿದ್ದರೆ ಅದು ನಡೆಯುವುದು 400/800ರ ಆಟದಂತೆ. ಬೋರ್ಡಿನ ಮೇಲೆ ಬರೆದಿರುವ ಬ್ಲೈಂಡ್ ನಂಬಿ ಲೆಕ್ಕ ಹಾಕುವಂತಿಲ್ಲ.

ಕ್ಯಾಸಿನೊದಲ್ಲಿ ಕೂತು ಆಡುವವರಿಗೆ ಟ್ರ್ಯಾಕರ್ ಇಲ್ಲ. ಅವರು ನೋಟ್‌ಬುಕ್ಕಿನಿಂದಲೇ ಎಸ್‌ಡಿ ತೆಗೆಯಬೇಕು. ಮೊದಲು ಒಟ್ಟು ಲಾಭವನ್ನು ಒಟ್ಟು ಗಂಟೆಯಿಂದ ಭಾಗಿಸಿ ಗಂಟೆಯ ಸರಾಸರಿ ಹಿಡಿಯಿರಿ. ಪ್ರತಿ ಸೆಷನ್ನಿನ ಫಲಿತಾಂಶದಿಂದ, ಆ ಸೆಷನ್ನಿನ ಗಂಟೆಗಳನ್ನು ಸರಾಸರಿಯಿಂದ ಗುಣಿಸಿ ಬಂದದ್ದನ್ನು ಕಳೆಯಿರಿ. ಉಳಿದದ್ದನ್ನು ವರ್ಗ ಮಾಡಿ, ಆ ಸೆಷನ್ನಿನ ಗಂಟೆಗಳಿಂದ ಭಾಗಿಸಿ. ಎಲ್ಲ ಸೆಷನ್ನುಗಳ ಈ ಅಂಕಿಗಳ ಸರಾಸರಿಯ ವರ್ಗಮೂಲವೇ ಒಂದು ಗಂಟೆಯ ಎಸ್‌ಡಿ. ಗಂಟೆಗೆ 30 ಹ್ಯಾಂಡ್ ಎಂದಾದರೆ ಅದನ್ನು 1.83ರಿಂದ ಗುಣಿಸಿದರೆ 100 ಹ್ಯಾಂಡಿನ ಎಸ್‌ಡಿ. ಮೂವತ್ತಕ್ಕಿಂತ ಕಮ್ಮಿ ಸೆಷನ್ ಇದ್ದರೆ ಈ ಶ್ರಮ ಬೇಡ, ಮೇಲಿನ ಪಟ್ಟಿಯಿಂದಲೇ ಹಾಕಿ. ಹೌದು, ಬೇಜಾರಿನ ಕೆಲಸ. ಆದರೆ ಗೆದ್ದ ಮೊತ್ತ ಮಾತ್ರ ಬರೆದು ಸೋತ ದಿನ ಪೆನ್ನು ಸಿಗದವರಿಗೆ ಯಾವ ಕ್ಯಾಲ್ಕುಲೇಟರೂ ಸಹಾಯ ಮಾಡದು.

ಈಗ ಒಂದು ಮಾದರಿ. ವಿನ್‌ರೇಟ್ 5, ಎಸ್‌ಡಿ 100, ಹ್ಯಾಂಡ್ 1,00,000. ನಿರೀಕ್ಷಿತ ಲಾಭ 5,000 ಬಿಬಿ. ಅದರ ಸುತ್ತ ಎಸ್‌ಡಿ 3,162 ಬಿಬಿ. ನೂರಕ್ಕೆ 95 ಸಲ ಫಲಿತಾಂಶ 1,300 ಬಿಬಿ ನಷ್ಟದಿಂದ 11,300 ಬಿಬಿ ಲಾಭದ ನಡುವೆ ಎಲ್ಲಾದರೂ ಬೀಳಬಹುದು. ನಷ್ಟದಲ್ಲಿ ಮುಗಿಯುವ ಸಾಧ್ಯತೆ ಶೇ 5.7. ಕ್ಯಾಸಿನೊ ವೇಗದಲ್ಲಿ ಒಂದು ಲಕ್ಷ ಹ್ಯಾಂಡ್ ಎಂದರೆ 3,300 ಗಂಟೆಗೂ ಹೆಚ್ಚು. ವಾರಕ್ಕೆ 40 ಗಂಟೆ ಕೂತರೂ ಒಂದೂವರೆ ವರ್ಷ ದಾಟುತ್ತದೆ. ಅಷ್ಟು ಕಾಲ ಚೆನ್ನಾಗಿಯೇ ಆಡಿಯೂ ಹದಿನೆಂಟು ಜನರಲ್ಲಿ ಒಬ್ಬ ಬರಿಗೈಯಲ್ಲಿ ಏಳುತ್ತಾನೆ. ವಿನ್‌ರೇಟನ್ನು 2.5ಕ್ಕೆ ಇಳಿಸಿ ನೋಡಿ: ಶೇ 21.5, ಐದರಲ್ಲಿ ಒಬ್ಬ.

ಗ್ರಾಫಿನ ಭಾಗ ಕಣ್ಣಿಗೆ ಚೆನ್ನ. ಒಂದೇ ಆಟಗಾರನ ಇಪ್ಪತ್ತು ಓಟಗಳನ್ನು ಬೇರೆ ಬೇರೆ ಬಣ್ಣದಲ್ಲಿ ಎಳೆದು ತೋರಿಸುತ್ತದೆ. ಎಲ್ಲವೂ ಒಂದೇ ಕೌಶಲದವು ಎಂದು ನಂಬುವುದೇ ಕಷ್ಟ. ಆದರೆ ನಿಜವಾಗಿ ಕೂತು ಓದಬೇಕಾದದ್ದು ಕೆಳಗಿರುವ ಡೌನ್‌ಸ್ವಿಂಗ್ (ಶಿಖರದಿಂದ ಇಳಿತ) ಕೋಷ್ಟಕ. ಮೇಲಿನ 5 ಬಿಬಿ ಆಟಗಾರ ತನ್ನ ಕಾಲದ ಶೇ 37ರಷ್ಟನ್ನು ಹಿಂದಿನ ಶಿಖರಕ್ಕಿಂತ ಹತ್ತು ಬೈ-ಇನ್ ಅಥವಾ ಅದಕ್ಕೂ ಕೆಳಗೆ ಕಳೆಯುತ್ತಾನೆ (ಟೇಬಲ್ಲಿಗೆ ಒಮ್ಮೆ ತಂದಿಡುವ ಹಣ ಬೈ-ಇನ್; ಇಲ್ಲಿ 100 ಬಿಬಿಗೆ ಒಂದು). 2.5ರ ಆಟಗಾರನಿಗೆ ಅದು ಶೇ 61. ಗೆಲ್ಲುವವನ ಕಸುಬೂ ಹೆಚ್ಚಿನ ದಿನ ಸೋಲಿನಂತೆಯೇ ಕಾಣುತ್ತದೆ.

ಅತ್ಯುತ್ತಮ ಖಾನೆ ಎರಡನೆಯದು, ಕಂಡ ವಿನ್‌ರೇಟ್. ಬಹಳ ಮಂದಿ ಅದನ್ನು ಖಾಲಿ ಬಿಡುತ್ತಾರೆ. ಬಳಸುವ ಸರಿಯಾದ ರೀತಿ ಇದು: ನಿಜ ವಿನ್‌ರೇಟ್ ಖಾನೆಯಲ್ಲಿ ಸೊನ್ನೆ ಹಾಕಿ, ಕಂಡದ್ದರಲ್ಲಿ ನಿಮ್ಮ ಅಂಕಿ ಹಾಕಿ. ಲಾಭವೂ ಇಲ್ಲದ ನಷ್ಟವೂ ಇಲ್ಲದ ಆಟಗಾರ 50,000 ಹ್ಯಾಂಡ್ ಆದಮೇಲೆ ಅದೃಷ್ಟದಿಂದಲೇ 5 ಬಿಬಿ ಅಥವಾ ಅದಕ್ಕೂ ಹೆಚ್ಚು ತೋರಿಸುವ ಸಾಧ್ಯತೆ ಶೇ 13. ಹತ್ತು ಸಾವಿರ ಹ್ಯಾಂಡ್ ಮಾತ್ರ ಆಗಿದ್ದರೆ ಶೇ 31. ಅಂದರೆ ಕ್ಯಾಸಿನೊದಲ್ಲಿ ಮುನ್ನೂರು ಚಿಲ್ಲರೆ ಗಂಟೆ ಗೆದ್ದು ಕೆಲಸ ಬಿಡುವ ಯೋಚನೆಯಲ್ಲಿರುವವರ ಪೈಕಿ ಎಷ್ಟು ಜನ ಈ ಸೊನ್ನೆಯವರು ಎಂದು ಊಹಿಸಿ. ಈ ಒಂದು ಪರೀಕ್ಷೆಗಾಗಿಯೇ ಈ ತಾಣಕ್ಕೆ ನಮ್ಮ ಕಡೆಯಿಂದ ಹೆಚ್ಚಿನ ಅಂಕ.

ಇನ್ನು ದಿವಾಳಿಯ ಲೆಕ್ಕ. ದಿವಾಳಿಯಾಗುವ ಸಾಧ್ಯತೆ ಶೇ 5ಕ್ಕಿಂತ ಕಮ್ಮಿ ಇರಬೇಕಾದರೆ ಎಷ್ಟು ಗಂಟು ಬೇಕು ಎಂಬ ಅಂಕಿಯನ್ನೂ ಅದು ಕೊಡುತ್ತದೆ. ಕೈಲೆಕ್ಕಕ್ಕೆ ಸೂತ್ರ ಸುಲಭ: ಎಸ್‌ಡಿಯ ವರ್ಗವನ್ನು ವಿನ್‌ರೇಟಿನಿಂದ ಭಾಗಿಸಿ 1.5ರಿಂದ ಗುಣಿಸಿ. ವಿನ್‌ರೇಟ್ 5, ಎಸ್‌ಡಿ 100 ಆದರೆ 3,000 ಬಿಬಿ, ಮೂವತ್ತು ಬೈ-ಇನ್. ವಿನ್‌ರೇಟ್ 2.5 ಆದರೆ ಅರವತ್ತು. 1 ಆದರೆ ನೂರೈವತ್ತು. ಸೊನ್ನೆ ಅಥವಾ ಅದಕ್ಕೂ ಕೆಳಗಾದರೆ ಉತ್ತರವೇ ಇಲ್ಲ. ಊರ ಜಾತ್ರೆಯ ಅಂದರ್-ಬಾಹರ್‌ಗೆ ಯಾವ ಗಂಟೂ ಸಾಲದಿರುವುದು ಇದೇ ಕಾರಣಕ್ಕೆ.

ಈ ಮೂರು ಅಂಕಿಗಳನ್ನು ದೊಡ್ಡ ಟೇಬಲ್ಲಿಗೆ ತನ್ನಿ. 200/400 ಡಾಲರ್ ಆಟದಲ್ಲಿ ಬೈ-ಇನ್ 40,000 ಡಾಲರ್. ಮೂವತ್ತಕ್ಕೆ 12 ಲಕ್ಷ ಡಾಲರ್, ಅರವತ್ತಕ್ಕೆ 24 ಲಕ್ಷ, ನೂರೈವತ್ತಕ್ಕೆ 60 ಲಕ್ಷ. ಮೇಲಿನ ಮೆಟ್ಟಿಲಲ್ಲಿ ಎದುರಾಳಿಗಳೂ ಗಟ್ಟಿ, ಹಾಗಾಗಿ ವಿನ್‌ರೇಟ್ ಕುಗ್ಗುತ್ತದೆ. ಬ್ಲೈಂಡ್ ಎರಡು ಪಟ್ಟಾದರೆ ಬೇಕಾದ ಗಂಟು ಎರಡು ಪಟ್ಟಲ್ಲ, ನಾಲ್ಕೋ ಐದೋ ಪಟ್ಟಾಗುತ್ತದೆ. ಕೆಳಗಿನ ಮೆಟ್ಟಿಲಿನ ವಿನ್‌ರೇಟನ್ನೇ ಹೊತ್ತುಕೊಂಡು ಮೇಲೆ ಹೋಗುವವರಿಗೆ ಕ್ಯಾಲ್ಕುಲೇಟರ್ ಎಚ್ಚರಿಕೆ ಕೊಡುವುದಿಲ್ಲ. ಕೊಡಲು ಅದಕ್ಕೆ ದಾರಿಯೂ ಇಲ್ಲ.

2009ರ ಡಿಸೆಂಬರ್‌ನ ಒಂದು ರಾತ್ರಿ ಈ ಮಿತಿಯನ್ನು ಚೆನ್ನಾಗಿ ತೋರಿಸುತ್ತದೆ. ಫುಲ್ ಟಿಲ್ಟ್ ತಾಣದಲ್ಲಿ ಇಸಿಲ್ಡೂರ್1 ಎಂಬ ಹೆಸರಿನಲ್ಲಿ ಆಡುತ್ತಿದ್ದ ಸ್ವೀಡನ್ನಿನ ವಿಕ್ಟರ್ ಬ್ಲೋಮ್, 500/1,000 ಡಾಲರ್ ಒಮಾಹಾದಲ್ಲಿ ಬ್ರಯಾನ್ ಹೇಸ್ಟಿಂಗ್ಸ್ ಎದುರು ಐದು ಗಂಟೆಯ ಆಸುಪಾಸಿನಲ್ಲಿ ಸುಮಾರು 42 ಲಕ್ಷ ಡಾಲರ್ ಸೋತರು. ನೂರು ಬಿಬಿಯ ಲೆಕ್ಕದಲ್ಲಿ 42 ಬೈ-ಇನ್. ಇಬ್ಬರೇ ಆಡುವ ಒಮಾಹಾಕ್ಕೆ ಎಸ್‌ಡಿ 200 ಎಂದು ಧಾರಾಳವಾಗಿ ಹಿಡಿದು, ಮೂರು ಸಾವಿರ ಹ್ಯಾಂಡ್ ಎಂದುಕೊಂಡರೂ ಒಂದು ಎಸ್‌ಡಿ ಎಂದರೆ 11 ಬೈ-ಇನ್ ಅಷ್ಟೇ. 42 ಎಂದರೆ ಅದರ ಸುಮಾರು ನಾಲ್ಕು ಪಟ್ಟು. ಬರೀ ದುರದೃಷ್ಟದಿಂದ ಇದು ಸಾವಿರಾರು ಸಲಕ್ಕೊಮ್ಮೆ ಆಗುವಂಥದ್ದು. ಟೇಬಲ್ಲಿನಲ್ಲಿ ಮುಂದಿಟ್ಟ ಹಣ (ಸ್ಟ್ಯಾಕ್) ನೂರು ಬಿಬಿಗಿಂತ ಹೆಚ್ಚಿದ್ದರೆ ಎಸ್‌ಡಿ ಇನ್ನೂ ಏರುತ್ತದೆ, ಸ್ವಲ್ಪ ಭಾಗ ಅದರದ್ದಿರಬಹುದು. ಉಳಿದದ್ದು ಮೊದಲ ಖಾನೆಯದು, ನಿಜ ವಿನ್‌ರೇಟಿನದು. ಎದುರಾಳಿ ಪಾಳಯದವರು ಹ್ಯಾಂಡ್ ಹಿಸ್ಟರಿಗಳನ್ನು (ಹಿಂದೆ ಆಡಿದ ಹ್ಯಾಂಡುಗಳ ದಾಖಲೆ) ಒಟ್ಟುಗೂಡಿಸಿ ಬ್ಲೋಮ್ ಆಟವನ್ನು ಓದಿಕೊಂಡಿದ್ದರು. ಹಾಗೆ ಹಂಚಿಕೊಂಡದ್ದು ತಾಣದ ನಿಯಮಕ್ಕೆ ವಿರುದ್ಧವೆಂದು ಆ ಪಾಳಯದ ಬ್ರಯಾನ್ ಟೌನ್ಸೆಂಡ್ ಆಮೇಲೆ ಒಪ್ಪಿಕೊಂಡರು. ವಿನ್‌ರೇಟ್ ಎಂಬುದು ಆಟಗಾರನ ಜನ್ಮಗುಣವಲ್ಲ. ಅದು ಆ ಟೇಬಲ್ಲಿನದು, ಆ ರಾತ್ರಿಯದು. ಎದುರು ಯಾರಿದ್ದರೂ ಬಾ ಎನ್ನುವ ಛಲದ ಆಟಗಾರನಿಗೆ ಸೊನ್ನೆಯ ಕೆಳಗಿನ ಅಂಕಿ ಹಾಕುವುದೇ ನ್ಯಾಯ.

ನಮ್ಮ ದೊಡ್ಡ ತಕರಾರು ಈ ಸಲಕರಣೆಯಲ್ಲಿ ಇಲ್ಲದೇ ಇರುವ ಒಂದು ಖಾನೆಯ ಬಗ್ಗೆ. ಕ್ಯಾಲ್ಕುಲೇಟರ್ ನಿಮ್ಮನ್ನು ಗಂಟು ಖಾಲಿಯಾಗುವವರೆಗೂ ಒಂದೇ ಬ್ಲೈಂಡಿನಲ್ಲಿ ಕೂರುವವರು ಎಂದು ಭಾವಿಸುತ್ತದೆ. ಸೋತಾಗ ಕೆಳಗಿನ ಟೇಬಲ್ಲಿಗೆ ಇಳಿಯುವವರಿಗೆ ಅದು ಹೇಳುವ ಮೊತ್ತ ಜಾಸ್ತಿ. ಸೋತಾಗ ಮೇಲಿನ ಟೇಬಲ್ಲಿಗೆ ಏರುವವರಿಗೆ ಅದು ಹೇಳುವ ಮೊತ್ತಕ್ಕೆ ಅರ್ಥವೇ ಇಲ್ಲ. 1956ರಲ್ಲಿ ಬೆಲ್ ಲ್ಯಾಬ್ಸ್‌ನ ಕೆಲ್ಲಿ ಕೊಟ್ಟ, ಗಂಟಿನಲ್ಲಿ ಎಷ್ಟು ಪಣ ಇಡಬೇಕು ಎಂದು ಹೇಳುವ ಸೂತ್ರದ ಪ್ರಕಾರ ಮೇಲೆ ಹೇಳಿದ 5 ಬಿಬಿ ಆಟಗಾರನಿಗೆ ಬೇಕಾದ ಗಂಟು ಎಸ್‌ಡಿ ವರ್ಗ ಭಾಗಿಸು ವಿನ್‌ರೇಟ್, ಅಂದರೆ 2,000 ಬಿಬಿ. ಅಷ್ಟೇ ಹಣದಲ್ಲಿ ಬ್ಲೈಂಡ್ ಬದಲಿಸದೆ ಕೂತರೆ ದಿವಾಳಿ ಸಾಧ್ಯತೆ ಶೇ 13.5. ಗಂಟು ಕರಗಿದ ಹಾಗೆ ಬ್ಲೈಂಡನ್ನೂ ಅದೇ ಪ್ರಮಾಣದಲ್ಲಿ ಇಳಿಸುತ್ತ ಹೋದರೆ, ಲೆಕ್ಕದ ಮಟ್ಟಿಗೆ, ದಿವಾಳಿಯೇ ಇಲ್ಲ. ಆದರೆ ಯಾವತ್ತಾದರೂ ಗಂಟು ಅರ್ಧಕ್ಕೆ ಇಳಿಯುವ ಸಾಧ್ಯತೆ ಆಗಲೂ ಅರ್ಧಕ್ಕರ್ಧ. ಹೆಚ್ಚಿನ ವೃತ್ತಿಪರರು ಕೆಲ್ಲಿ ಹೇಳಿದ ಅಪಾಯದ ಅರ್ಧವನ್ನೋ ಕಾಲುಭಾಗವನ್ನೋ ಮಾತ್ರ ಹೊರುವುದು ಆ ಕಾರಣಕ್ಕೆ.

ಇಳಿಯುವುದು ಗಣಿತಕ್ಕೆ ಸುಲಭ, ಮನುಷ್ಯನಿಗೆ ಕಷ್ಟ. ಆನ್‌ಲೈನ್‌ನ 25/50 ಡಾಲರ್ ಆಟಗಾರರ ಹ್ಯಾಂಡುಗಳನ್ನು ಪರಿಶೀಲಿಸಿದ ಗ್ಯಾರಿ ಸ್ಮಿತ್ ಮತ್ತು ಸಂಗಡಿಗರ 2009ರ ಅಧ್ಯಯನ, ಅನುಭವಿಗಳು ಕೂಡ ದೊಡ್ಡ ಸೋಲಿನ ಬಳಿಕ ಎಚ್ಚರ ಸಡಿಲಿಸಿ ಹೆಚ್ಚು ಹ್ಯಾಂಡ್ ಆಡಿದ್ದನ್ನು ಕಂಡಿತು. ಕಳೆದದ್ದನ್ನು ಒಂದೇ ಏಟಿಗೆ ವಾಪಸ್ ತರುವ ತವಕ ಅದು. ಹಸ್ತಿನಾವತಿಯ ಸಭೆಯಲ್ಲಿ ಧರ್ಮರಾಯ ಮಾಡಿದ್ದೂ ಬೇರೇನಲ್ಲ, ಸೋತಂತೆಲ್ಲ ಪಣ ಏರಿಸಿದ. ಹಾಗಾಗಿ ಕ್ಯಾಲ್ಕುಲೇಟರ್ ತೆರೆಯುವ ಮೊದಲು ಕಾಗದದ ಮೇಲೆ ಎರಡು ಅಂಕಿ ಬರೆದಿಡಿ: ಗಂಟು ಎಷ್ಟಕ್ಕೆ ಬಂದರೆ ಕೆಳಗಿಳಿಯುತ್ತೀರಿ, ಎಷ್ಟಾದರೆ ಮತ್ತೆ ಏರುತ್ತೀರಿ. ಆಮೇಲೆ ಇಡೀ ಗಂಟನ್ನಲ್ಲ, ಈಗಿನ ಮೊತ್ತದಿಂದ ಇಳಿಯುವ ಗೆರೆಯವರೆಗಿನ ಹಣವನ್ನು ಮಾತ್ರ ಬ್ಯಾಂಕ್‌ರೋಲ್ ಎಂದು ಹಿಡಿದು ಲೆಕ್ಕ ಹಾಕಿ. ಬರುವ ಉತ್ತರ ದಿವಾಳಿಯ ಸಾಧ್ಯತೆಯಲ್ಲ, ಮೆಟ್ಟಿಲು ಇಳಿಯಬೇಕಾಗುವ ಸಾಧ್ಯತೆ. ಮಾನ-ಮರ್ಯಾದೆಯ ಪ್ರಶ್ನೆ ಎದುರಾಗುವುದು ಅಲ್ಲೇ.

ಮನೆಖರ್ಚಿಗೂ ಖಾನೆ ಇಲ್ಲ, ಆದರೆ ಇದನ್ನು ನಾವೇ ಸರಿಮಾಡಿಕೊಳ್ಳಬಹುದು. 5/10 ಡಾಲರ್ ಆಟದಲ್ಲಿ 5 ಬಿಬಿ ವಿನ್‌ರೇಟ್, ಗಂಟೆಗೆ 30 ಹ್ಯಾಂಡ್ ಎಂದರೆ ಗಂಟೆಗೆ 15 ಡಾಲರ್. ತಿಂಗಳಿಗೆ 120 ಗಂಟೆಗೆ 1,800. ಅದರಲ್ಲಿ 1,200 ಮನೆಗೆ ಹೋದರೆ ಗಂಟಿಗೆ ಸೇರುವುದು ಗಂಟೆಗೆ 5 ಡಾಲರ್, ಅಂದರೆ 1.67 ಬಿಬಿ. ಮೊದಲ ಖಾನೆಗೆ 5 ಅಲ್ಲ, 1.67 ಹಾಕಬೇಕು. ಮೂವತ್ತು ಬೈ-ಇನ್ ಇದ್ದದ್ದು ತೊಂಬತ್ತಾಗುತ್ತದೆ. ಪೋಕರ್‌ನಲ್ಲಿ ಗೆದ್ದು ಕುದುರೆ ಬಾಲಕ್ಕೆ ಕಟ್ಟುವವರಿಗೂ ಇದೇ ಲೆಕ್ಕ. ಸ್ಟು ಉಂಗರ್ 1980, 1981 ಮತ್ತು 1997ರಲ್ಲಿ ಪೋಕರ್‌ನ ವರ್ಲ್ಡ್ ಸೀರೀಸ್‌ನ ಮುಖ್ಯ ಟೂರ್ನಿ ಗೆದ್ದವರು; ಇಸ್ಪೀಟಿನ ಮುಂದೆ ಅವರಂಥವರು ಕಡಿಮೆ. ಆದರೂ 1997ರಲ್ಲಿ ಅವರ 10,000 ಡಾಲರ್ ಪ್ರವೇಶ ಶುಲ್ಕ ಕಟ್ಟಿದ್ದು ಬಿಲ್ಲಿ ಬ್ಯಾಕ್ಸ್‌ಟರ್. ಹತ್ತು ಲಕ್ಷ ಡಾಲರ್ ಬಹುಮಾನದ ಮರುವರ್ಷ ಲಾಸ್ ವೇಗಸ್‌ನ ಒಂದು ಮೊಟೆಲಿನಲ್ಲಿ ಅವರು ತೀರಿಕೊಂಡಾಗ ಕೈಯಲ್ಲಿ ಹಣವೆಂದು ಹೆಚ್ಚೇನೂ ಉಳಿದಿರಲಿಲ್ಲ. ಬೆಟ್ಟಿಂಗ್ ಮತ್ತು ಮಾದಕವಸ್ತು ಎಂಬ ತೂತುಗಳಿದ್ದ ಗಡಿಗೆ ಅದು.

ದಿವಾಳಿಯ ಇದೇ ಸೂತ್ರವನ್ನು ಆಯುಧವಾಗಿ ತಿರುಗಿಸಿದವರು ಡಲ್ಲಾಸ್‌ನ ಬ್ಯಾಂಕರ್ ಆಂಡಿ ಬೀಲ್. 2001ರಿಂದ 2006ರ ನಡುವೆ ಲಾಸ್ ವೇಗಸ್‌ಗೆ ಬಂದು, ಲಿಮಿಟ್ ಹೋಲ್ಡೆಮ್ ಪಣವನ್ನು ಒಂದು ಹಂತದಲ್ಲಿ 1 ಲಕ್ಷ/2 ಲಕ್ಷ ಡಾಲರ್‌ವರೆಗೆ ಏರಿಸಿ, ವೃತ್ತಿಪರರಿಗೆ ಹೊಟ್ಟೆಯಲ್ಲಿ ನಡುಕ ಹುಟ್ಟುವ ಮಟ್ಟದಲ್ಲಿ ಆಡಿಸಿದರು. ಬ್ಲೈಂಡ್ ಏರಿದರೆ ಅದೇ ಡಾಲರ್ ಮೊತ್ತ ಕಮ್ಮಿ ಬಿಬಿ ಆಗುತ್ತದೆ, ದಿವಾಳಿ ಸಾಧ್ಯತೆ ಏರುತ್ತದೆ, ಕೈ ನಡುಗಿದರೆ ವಿನ್‌ರೇಟೂ ಬೀಳುತ್ತದೆ. ವೃತ್ತಿಪರರು ಕೊಟ್ಟ ಉತ್ತರ ಹಣ ಒಟ್ಟುಹಾಕುವುದು; ಆ ಗುಂಪಿಗೆ ಕಾರ್ಪೊರೇಷನ್ ಎಂಬ ಹೆಸರೇ ಬಿತ್ತು. ಒಬ್ಬನ ಗಂಟಿಗೆ ದಿವಾಳಿ ಸಾಧ್ಯತೆ ಶೇ 50 ಇದ್ದರೆ, ಅಷ್ಟೇ ಗಂಟಿನ ಐವರು ಕೂಡಿದಾಗ ಅದು ಶೇ 3. 2006ರ ಫೆಬ್ರುವರಿಯಲ್ಲಿ ಬೀಲ್ ಮೊದಲು ಕೋಟಿ ಡಾಲರಿಗೂ ಮೀರಿ ಗೆದ್ದು, ಆಮೇಲೆ ಮೂರು ದಿನಗಳಲ್ಲಿ ಆ ಗುಂಪಿನ ಫಿಲ್ ಐವಿಗೆ 1.6 ಕೋಟಿ ಡಾಲರಿಗೂ ಹೆಚ್ಚು ಸೋತರು. ಬೀಲ್‌ಗೆ ಅದು ತಲೆಗೆ ಸಿಕ್ಕ ಲೆಕ್ಕದ ಸವಾಲು, ಎದುರಿದ್ದವರಿಗೆ ಹೊಟ್ಟೆಪಾಡು. ಎರಡೂ ಪಾಳಯಕ್ಕೆ ಕ್ಯಾಲ್ಕುಲೇಟರ್ ಒಂದೇ ಉತ್ತರ ಕೊಡುತ್ತದೆ.

ಟೂರ್ನಿಗಳಿಗೆ ಬೇರೆಯೇ ಕ್ಯಾಲ್ಕುಲೇಟರ್ ಇದೆ: ಆಟಗಾರರ ಸಂಖ್ಯೆ, ಬಹುಮಾನ ಪಡೆಯುವವರ ಸಂಖ್ಯೆ, ಪ್ರವೇಶ ಶುಲ್ಕ, ರೇಕ್ (ಶುಲ್ಕದಲ್ಲಿ ಆಯೋಜಕರ ಪಾಲು), ಆರ್‌ಒಐ (ಹಾಕಿದ್ದರ ಮೇಲಿನ ಶೇಕಡಾ ಲಾಭ), ಎಷ್ಟು ಟೂರ್ನಿ. ಇದು ಸೂತ್ರವಲ್ಲ, ಸಿಮ್ಯುಲೇಷನ್. ಪ್ರತಿ ಸಲ ಒತ್ತಿದಾಗ ಉತ್ತರ ಅಷ್ಟಿಷ್ಟು ಬದಲಾಗುತ್ತದೆ, ಗಾಬರಿಯಾಗಬೇಕಿಲ್ಲ. 2012ರ ಹತ್ತು ಲಕ್ಷ ಡಾಲರ್ ಶುಲ್ಕದ ಬಿಗ್ ಒನ್ ಫಾರ್ ಒನ್ ಡ್ರಾಪ್ ಟೂರ್ನಿಯನ್ನು ಇದರಲ್ಲಿ ಹಾಕಿ ನೋಡಬಹುದು. 48 ಜನ, ಒಂಬತ್ತು ಬಹುಮಾನ, ಪ್ರತಿ ಶುಲ್ಕದಿಂದ 1,11,111 ಡಾಲರ್ ದತ್ತಿಗೆ. ಆ್ಯಂಟೋನಿಯೊ ಎಸ್ಫಾಂಡಿಯಾರಿ 1.83 ಕೋಟಿ ಡಾಲರ್ ಗೆದ್ದರು. ದತ್ತಿಯ ಭಾಗವನ್ನು ರೇಕ್ ಖಾನೆಯಲ್ಲಿ ಹಾಕಿದರೆ ಸರಾಸರಿ ಆಟಗಾರನಿಗೆ ಶೇ 11 ನಷ್ಟ; ಸಮಸಮವಾಗಲು ಆತ ಸರಾಸರಿಗಿಂತ ಶೇ 12.5 ಉತ್ತಮನಾಗಿರಬೇಕು. ಬಹುಮಾನದ ಪಟ್ಟಿಗೆ ಏರುವ ಸಾಧ್ಯತೆ ಶೇ 18.75, ಇಂಥ ಹತ್ತು ಟೂರ್ನಿ ಆಡಿ ಒಂದರಲ್ಲೂ ಏನೂ ಸಿಗದಿರುವ ಸಾಧ್ಯತೆ ಎಂಟರಲ್ಲಿ ಒಂದು. ಮೂರನೆಯವರಾದ ಹೂಡಿಕೆದಾರ ಡೇವಿಡ್ ಐನ್‌ಹಾರ್ನ್ ತಮ್ಮ ಗೆಲುವನ್ನು ದಾನ ಕೊಟ್ಟರು. ಅಂಥವರ ಆರ್‌ಒಐ ಖಾನೆಯಲ್ಲಿ ಏನು ಬರೆಯುತ್ತೀರಿ?

ಇಷ್ಟು ಶುಲ್ಕವನ್ನು ಪೂರ್ತಿ ಸ್ವಂತ ಜೇಬಿನಿಂದ ಕಟ್ಟುವ ವೃತ್ತಿಪರರು ಅಪರೂಪ. ಮುಂದೆ ಬರುವ ಬಹುಮಾನದಲ್ಲಿ ಪಾಲನ್ನು ಮಾರುತ್ತಾರೆ, ಅದೂ ಮಾರ್ಕಪ್ (ಅಸಲಿಗಿಂತ ಹೆಚ್ಚಿನ ದರ) ಹಾಕಿ. ಉದಾಹರಣೆಗೆ ಶುಲ್ಕ 1,00,000 ಡಾಲರ್, ಆರ್‌ಒಐ ಶೇ 10, ಶೇ 80ರಷ್ಟು ಪಾಲು 1.05ರ ದರಕ್ಕೆ ಮಾರಾಟ. ಕೈಗೆ 84,000 ಬಂತು, ಸ್ವಂತದ್ದು 16,000. ಉಳಿದ ಶೇ 20 ಪಾಲಿನ ನಿರೀಕ್ಷೆ 22,000, ಅಂದರೆ ಲಾಭ 6,000. ಇದನ್ನು ಕ್ಯಾಲ್ಕುಲೇಟರಿಗೆ ಹಾಕುವಾಗ ಹೆಚ್ಚಿನವರು ಶುಲ್ಕ 16,000, ಆರ್‌ಒಐ 37.5 ಎಂದು ತುಂಬುತ್ತಾರೆ. ತಪ್ಪು. ಆಗ ಬಹುಮಾನದ ಮೊತ್ತವೆಲ್ಲ ಐದನೇ ಒಂದರಷ್ಟು ಕುಗ್ಗಿ, ಏರಿಳಿತ ನಿಜಕ್ಕಿಂತ ಸಣ್ಣದಾಗಿ ಕಾಣುತ್ತದೆ. ಶುಲ್ಕ 20,000, ಆರ್‌ಒಐ 10 ಎಂದು ತುಂಬಿ, ಬಂದ ನಿರೀಕ್ಷಿತ ಲಾಭಕ್ಕೆ ಪ್ರತಿ ಟೂರ್ನಿಗೆ 4,000 ಮಾರ್ಕಪ್ ಕೈಯಿಂದ ಸೇರಿಸಿ.

ದುಡ್ಡು ಹಾಕುವವರು ಇದಕ್ಕಿಂತ ಹೆಚ್ಚು ನೋಡಬೇಕಾದದ್ದು ಮೇಕಪ್. ದೀರ್ಘಕಾಲದ ಒಪ್ಪಂದದಲ್ಲಿ ಆಟಗಾರನ ಹಿಂದಿನ ಸೋಲೆಲ್ಲ ಖಾತೆಯಲ್ಲಿ ಕೂರುತ್ತದೆ. ಅದು ತೀರುವವರೆಗೆ ಅವನಿಗೆ ಲಾಭದಲ್ಲಿ ಪಾಲಿಲ್ಲ. ಮೂರು ಲಕ್ಷ ಡಾಲರ್ ಮೇಕಪ್‌ನಲ್ಲಿರುವವನಿಗೆ ಐವತ್ತು ಸಾವಿರದ ಗೆಲುವೂ ಸೊನ್ನೆ, ಇನ್ನೊಂದು ಲಕ್ಷದ ಸೋಲೂ ಸೊನ್ನೆ. ದೊಡ್ಡ ಬಹುಮಾನ ಒಂದೇ ಅವನಿಗೆ ದಾರಿ, ಹಾಗಾಗಿ ಏರಿಳಿತ ಹೆಚ್ಚಿರುವ ಆಟವನ್ನೇ ಆರಿಸುತ್ತಾನೆ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂಬ ಮಾತು ಇಲ್ಲಿ ಅಕ್ಷರಶಃ ನಿಜ. ಯಾವ ಟೂರ್ನಿ, ತಿಂಗಳಿಗೆ ಎಷ್ಟು, ಎಷ್ಟು ಸಲ ಮರುಪ್ರವೇಶ ಎಂಬುದನ್ನು ಒಪ್ಪಂದದಲ್ಲೇ ಕಟ್ಟಿಹಾಕಬೇಕು. ಮರುಪ್ರವೇಶವನ್ನು ಲೆಕ್ಕದಲ್ಲಿ ಇನ್ನೊಂದು ಟೂರ್ನಿ ಎಂದೇ ಎಣಿಸಿ.

ತೆರಿಗೆ ಈ ತಾಣದ ಲೆಕ್ಕಕ್ಕೆ ಬರುವುದೇ ಇಲ್ಲ. ನಮ್ಮವರಿಗೆ ಅದೇ ದೊಡ್ಡ ಕೊರತೆ. ಭಾರತದಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕೌಶಲ, ಅದೃಷ್ಟ ಎಂಬ ಭೇದವಿಲ್ಲದೆ ನಿಷೇಧಿಸುವ ಕಾಯ್ದೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿದೆ. ಕ್ಯಾಸಿನೊದಲ್ಲಿ ಕೂತು ಗೆದ್ದರೆ ಇಸ್ಪೀಟಿನ ಗೆಲುವಿಗೆ ಶೇ 30 ತೆರಿಗೆ. ಸೋಲನ್ನು ಅದರಲ್ಲಿ ಕಳೆಯುವಂತಿಲ್ಲ. ತಲಾ ಒಂದು ಲಕ್ಷ ರೂಪಾಯಿಯ ಹತ್ತು ಟೂರ್ನಿ ಆಡಿ, ಒಂಬತ್ತು ಸೋತು, ಒಂದರಲ್ಲಿ 11 ಲಕ್ಷ ಬಂದರೆ ಕ್ಯಾಲ್ಕುಲೇಟರಿಗೆ ಅದು ಒಂದು ಲಕ್ಷ ಲಾಭ, ಆರ್‌ಒಐ ಶೇ 10. ಗೆದ್ದ ಟೂರ್ನಿಯ ಶುಲ್ಕವನ್ನು ತೆರಿಗೆಯವರು ಬಿಟ್ಟುಕೊಟ್ಟರು ಎಂದೇ ಇಟ್ಟುಕೊಂಡರೂ ಹತ್ತು ಲಕ್ಷಕ್ಕೆ ಮೂರು ಲಕ್ಷ ತೆರಿಗೆ. ಕೈಯಲ್ಲಿ ಉಳಿದದ್ದು ಎರಡು ಲಕ್ಷ ನಷ್ಟ. ಅಮೆರಿಕದಲ್ಲಿರುವ ಕನ್ನಡಿಗರಿಗೂ ಬಿಸಿ ತಟ್ಟಿದೆ: 2025ರ ಜುಲೈನಲ್ಲಿ ಸಹಿಯಾದ ಕಾನೂನಿನ ಪ್ರಕಾರ 2026ರಿಂದ ಜೂಜಿನ ಸೋಲಿನಲ್ಲಿ ಶೇ 90ರಷ್ಟನ್ನು ಮಾತ್ರ ಕಳೆಯಬಹುದು. ವರ್ಷದಲ್ಲಿ ಹತ್ತು ಲಕ್ಷ ಡಾಲರ್ ಗೆದ್ದು ಹತ್ತು ಲಕ್ಷ ಸೋತವರು ಗಳಿಸದೇ ಇರುವ ಒಂದು ಲಕ್ಷಕ್ಕೆ ತೆರಿಗೆ ಕಟ್ಟಬೇಕು. ಏರಿಳಿತ ಹೆಚ್ಚಿದಷ್ಟೂ ಈ ಹೊರೆ ಹೆಚ್ಚು. ಅದಕ್ಕೇ ವರ್ಷದ ಒಟ್ಟು ಸೋಲಿನ ಹತ್ತನೇ ಒಂದರ ಮೇಲಿನ ತೆರಿಗೆಯನ್ನು ನಿರೀಕ್ಷಿತ ಲಾಭದಿಂದ ಮೊದಲೇ ಕಳೆದು, ಉಳಿದದ್ದನ್ನು ವಿನ್‌ರೇಟಿಗೆ ಪರಿವರ್ತಿಸಿ ತುಂಬಬೇಕು.

ಐದಕ್ಕೆ ನಾಲ್ಕು ಅಂಕ. ಕ್ಯಾಶ್ ಗೇಮ್ ಭಾಗಕ್ಕೆ ನಾಲ್ಕೂವರೆ ಕೊಡಬಹುದು, ಟೂರ್ನಿ ಭಾಗಕ್ಕೆ ಮೂರೂವರೆ. ಕನ್ನಡದಲ್ಲಿಲ್ಲ, ಇಂಗ್ಲಿಷ್ ಓದಬೇಕು. ಮೊದಲ ಸಲ ತೆರೆಯುವವರು ತಾವು ನಂಬಿರುವ ವಿನ್‌ರೇಟಿನ ಅರ್ಧ ಹಾಕಿ ಒಮ್ಮೆ, ಸೊನ್ನೆ ಹಾಕಿ ಒಮ್ಮೆ ನೋಡಲಿ. ನಂಬಿರುವ ಅಂಕಿಯನ್ನು ಕೊನೆಗೆ ಹಾಕಲಿ.